ಹೊಣೆ ನಮ್ಮದು, ಮಾತು ಯಾರದು?

(ಆಸ್ಪತ್ರೆ ನರ್ಸ್‌ಗಳ ಕೆಲಸದ ಒತ್ತಡದ ಬಗ್ಗೆ ಮಾಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ನಿಮ್ಮಲ್ಲಿ ಕೆಲವರು ನೈಟ್ ಡ್ಯೂಟಿ ಮುಗಿಸಿ, ಮನೆಗೂ ಹೋಗದೆ ನೇರ ಇಲ್ಲಿಗೆ ಬಂದಿದ್ದೀರಿ ಅಂತ ಕೇಳಿದೆ. ಮಧ್ಯದಲ್ಲಿ ಕಣ್ಣು ಎಳೆದರೆ ಮಲಗಿಬಿಡಿ. ನಾನು ಬೇಜಾರು ಮಾಡಿಕೊಳ್ಳುವುದಿಲ್ಲ. ಆ ನಿದ್ದೆ ಎಂಥದ್ದು ಅಂತ ನನಗೆ ಗೊತ್ತು.

ನಾನು ಕೆಲಸಕ್ಕೆ ಸೇರಿದ ಮೊದಲ ವರ್ಷದ ಒಂದು ರಾತ್ರಿಯಿಂದ ಶುರು ಮಾಡುತ್ತೇನೆ. ಜನರಲ್ ಮೆಡಿಸಿನ್ ವಾರ್ಡ್. ಇಪ್ಪತ್ತಾರು ರೋಗಿಗಳು, ಇಬ್ಬರು ನರ್ಸ್. ಜೊತೆಯಲ್ಲಿದ್ದವರು ಹೊಸ ಅಡ್ಮಿಶನ್ ಹಿಂದೆ ಓಡಾಡುತ್ತಿದ್ದರು. ಮೂರು ಗಂಟೆಗೆ ಟಾರ್ಚ್ ಹಿಡಿದು ರೌಂಡ್ಸ್ ಹೊರಟೆ. ಬೆಡ್ ನಂಬರ್ ಹದಿನಾಲ್ಕರ ಹತ್ತಿರ ಬಂದಾಗ ಮುಂದೆ ಹೋಗಲು ಮನಸ್ಸಾಗಲಿಲ್ಲ.

ವಯಸ್ಸಾದವರು. ಜ್ವರ ಅಂತ ಎರಡು ದಿನದ ಹಿಂದೆ ಸೇರಿದ್ದರು. ಬಿಪಿ ಸರಿಯಾಗೇ ಇತ್ತು. ಸ್ಯಾಚುರೇಶನ್, ಅಂದರೆ ರಕ್ತದಲ್ಲಿನ ಆಮ್ಲಜನಕದ ಪ್ರಮಾಣ, 94. ಆದರೆ ಎದೆ ಬೇಗ ಬೇಗ ಏಳುತ್ತಿತ್ತು. ವಾಚ್ ನೋಡಿಕೊಂಡು ಪೂರ್ತಿ ಒಂದು ನಿಮಿಷ ಉಸಿರು ಎಣಿಸಿದೆ. 28. ಸಂಜೆಯ ಚಾರ್ಟ್‌ನಲ್ಲಿ 20 ಅಂತ ಬರೆದಿತ್ತು. ಆ ವಾರ್ಡ್‌ನಲ್ಲಿ ಎಲ್ಲರ ಚಾರ್ಟ್‌ನಲ್ಲೂ 20 ಅಂತಲೇ ಇರುತ್ತಿತ್ತು. ಉಸಿರು ಎಣಿಸದೇ 20 ಅಂತ ಬರೆಯುವ ಅಭ್ಯಾಸ ನಮ್ಮ ಕೆಲಸದಲ್ಲಿ ಎಷ್ಟಿದೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಅವರು ಹೊದಿಕೆಯ ಅಂಚನ್ನು ಬೆರಳಲ್ಲಿ ಹಿಡಿದು ಎಳೆಯುತ್ತಲೇ ಇದ್ದರು. ಹೆಸರು ಹಿಡಿದು ಕರೆದೆ. ಕಣ್ಣು ಬಿಟ್ಟರು. ಆದರೆ ನನ್ನ ಮುಖ ನೋಡಲಿಲ್ಲ, ನನ್ನ ಹಿಂದೆ ಎಲ್ಲೋ ನೋಡಿದರು.

ಏನೋ ಸರಿಯಿಲ್ಲ ಅನ್ನಿಸಿತು. ಡ್ಯೂಟಿ ಡಾಕ್ಟರನ್ನು ಕರೆಯಬೇಕು ಅಂತ ಫೋನ್ ಎತ್ತಿದೆ. ಮತ್ತೆ ಇಟ್ಟುಬಿಟ್ಟೆ. ಹಿಂದಿನ ವಾರ ಇಂಥದ್ದೇ ಹೊತ್ತಲ್ಲಿ ಕರೆದಿದ್ದಕ್ಕೆ “ಬಿಪಿ ನಾರ್ಮಲ್, ಸ್ಯಾಚುರೇಶನ್ ನಾರ್ಮಲ್, ಮತ್ತೇನು ಸಿಸ್ಟರ್ ನಿಮ್ಮದು?” ಅಂತ ಬೈಸಿಕೊಂಡಿದ್ದೆ. ಅದು ವಾರ್ಡ್ ತುಂಬ ಸುದ್ದಿಯಾಗಿತ್ತು. ಮತ್ತೆ ಬೆಡ್ ಹತ್ತಿರ ಹೋದೆ. ಮತ್ತೆ ಎಣಿಸಿದೆ. ಮತ್ತೆ ಬಿಪಿ ನೋಡಿದೆ. ಬಿಪಿ ಕಮ್ಮಿ ಆದರೆ ಕರೆಯಬಹುದಲ್ಲ ಅಂತ ಕಾಯುತ್ತಿದ್ದೆ. ಯೋಚನೆ ಮಾಡಿ, ರೋಗಿಯ ಸ್ಥಿತಿ ಕೆಡಲಿ, ಆಗ ನನಗೆ ಫೋನ್ ಮಾಡಲು ಒಂದು ಕಾರಣ ಸಿಗುತ್ತದೆ ಅಂತ ಕಾಯುವ ಸ್ಥಿತಿಗೆ ಒಬ್ಬ ನರ್ಸ್ ಬಂದಿದ್ದಳು.

ನಲವತ್ತು ನಿಮಿಷ ಹೀಗೇ ಹೋಯಿತು. ಆಮೇಲೆ ಸ್ಯಾಚುರೇಶನ್ 88ಕ್ಕೆ ಇಳಿಯಿತು, ಬಿಪಿಯೂ ಬಿತ್ತು. ಕರೆದೆ. ಡಾಕ್ಟರ್ ಓಡಿಬಂದರು. ರೋಗಿಯನ್ನು ಐಸಿಯುಗೆ ಕಳಿಸಿದೆವು. ಅವರು ಉಳಿದರು, ಮನೆಗೂ ಹೋದರು. ತಡ ಯಾಕಾಯಿತು ಅಂತ ಯಾರೂ ನನ್ನನ್ನು ಕೇಳಲಿಲ್ಲ. ಕೇಳಿದ್ದರೆ ಒಳ್ಳೆಯದಿತ್ತು.

ಆ ರಾತ್ರಿಯ ಉಳಿದ ಕೆಲಸವೆಲ್ಲ ನನಗೆ ಮರೆತುಹೋಗಿದೆ. ಎಷ್ಟು ಇಂಜೆಕ್ಷನ್ ಕೊಟ್ಟೆ, ಎಷ್ಟು ಡ್ರಿಪ್ ಬದಲಾಯಿಸಿದೆ, ಕಾಲು ಎಷ್ಟು ನೋಯುತ್ತಿತ್ತು, ಯಾವುದೂ ನೆನಪಿಲ್ಲ. ಆ ನಲವತ್ತು ನಿಮಿಷ ಮಾತ್ರ ಇಂದಿಗೂ ನೆನಪಿದೆ. ನರ್ಸ್‌ಗಳ ಒತ್ತಡ ಅಂದಾಗ ಎಲ್ಲರೂ ಮೊದಲು ಕೆಲಸದ ಭಾರದ ಮಾತಾಡುತ್ತಾರೆ. ಭಾರ ಇದೆ, ಅದರ ಬಗ್ಗೆ ಆಮೇಲೆ ಬರುತ್ತೇನೆ. ನನ್ನ ಅನುಭವದಲ್ಲಿ ಮನುಷ್ಯರನ್ನು ಒಳಗಿಂದ ತಿನ್ನುವುದು ಆ ಫೋನ್ ಹತ್ತಿರದ ನಲವತ್ತು ನಿಮಿಷದಂಥವು. ರೋಗಿಗೆ ಏನಾದರೂ ಆದರೆ ಹೊಣೆ ನನ್ನದು. ಆದರೆ ಏನಾದರೂ ಮಾಡಲು ಬೇಕಾದ ಮಾತು ನನ್ನ ಕೈಯಲ್ಲಿಲ್ಲ.

ಇದನ್ನು ನಾನೊಬ್ಬಳೇ ಹೇಳುತ್ತಿಲ್ಲ. 1979ರಲ್ಲಿ ರಾಬರ್ಟ್ ಕರಾಸೆಕ್ ಎಂಬ ಸಂಶೋಧಕರು ಕೆಲಸದ ಒತ್ತಡದ ಬಗ್ಗೆ ಒಂದು ಸರಳವಾದ ವಿಚಾರ ಮುಂದಿಟ್ಟರು. ಕೆಲಸ ನಮ್ಮಿಂದ ಎಷ್ಟು ಕೇಳುತ್ತದೆ ಅನ್ನುವುದು ಒಂದು ಲೆಕ್ಕ. ಆ ಕೆಲಸವನ್ನು ಹೇಗೆ, ಯಾವಾಗ ಮಾಡಬೇಕು ಅಂತ ತೀರ್ಮಾನಿಸುವ ಅವಕಾಶ ನಮಗೆಷ್ಟಿದೆ ಅನ್ನುವುದು ಇನ್ನೊಂದು ಲೆಕ್ಕ. ಎರಡನ್ನೂ ಸೇರಿಸಿ ನೋಡಬೇಕು ಅಂದರು ಅವರು. ಕೆಲಸ ಜಾಸ್ತಿ, ತೀರ್ಮಾನದ ಅವಕಾಶವೂ ಜಾಸ್ತಿ ಇದ್ದರೆ ಮನುಷ್ಯ ಸುಸ್ತಾದರೂ ಕಲಿಯುತ್ತಾನೆ, ಬೆಳೆಯುತ್ತಾನೆ. ಕೆಲಸ ಜಾಸ್ತಿ, ಅವಕಾಶ ಕಮ್ಮಿ ಇದ್ದರೆ ಕುಸಿಯುತ್ತಾನೆ. 1988ರಲ್ಲಿ ಜಾನ್ಸನ್ ಮತ್ತು ಹಾಲ್ ಎಂಬಿಬ್ಬರು ಇದಕ್ಕೆ ಮೂರನೆಯ ಲೆಕ್ಕ ಸೇರಿಸಿದರು: ಪಕ್ಕದಲ್ಲಿ ಯಾರಿದ್ದಾರೆ? ಕೆಲಸ ಜಾಸ್ತಿ, ತೀರ್ಮಾನದ ಅವಕಾಶ ಕಮ್ಮಿ, ಮೇಲಿಂದ ಒಂಟಿ. ಇದಕ್ಕಿಂತ ಕೆಟ್ಟ ಜಾಗ ಇಲ್ಲ. ನಾನು ಅವತ್ತು ರಾತ್ರಿ ನಿಂತಿದ್ದು ಅಲ್ಲೇ.

ಆಪರೇಷನ್ ಥಿಯೇಟರ್‌ನಲ್ಲಿ ಸರ್ಜನ್‌ಗೆ ಒತ್ತಡ ಇಲ್ಲವಾ? ಖಂಡಿತ ಇದೆ. ಆದರೆ ಏನೋ ಸರಿಹೋಗುತ್ತಿಲ್ಲ ಅಂದರೆ ಅವರು “ಒಂದು ನಿಮಿಷ ನಿಲ್ಲಿಸಿ” ಅನ್ನಬಹುದು. ಇಡೀ ಕೋಣೆ ನಿಲ್ಲುತ್ತದೆ. ಅದೇ ಮಾತನ್ನು ಅದೇ ಕೋಣೆಯಲ್ಲಿ ನರ್ಸ್ ಹೇಳಿದರೆ ಏನಾಗುತ್ತದೆ ಅಂತ ನೀವೇ ಯೋಚಿಸಿ.

ಸ್ವಾಯತ್ತತೆ ಅಂದ ಕೂಡಲೇ ಕೆಲವು ಡಾಕ್ಟರುಗಳ ಮುಖ ಗಂಟಾಗುತ್ತದೆ. ನರ್ಸ್‌ಗಳು ಇನ್ನು ಔಷಧಿ ಬರೆಯೋಕೆ ಶುರು ಮಾಡ್ತಾರಾ ಅಂತ. ನಾನು ಹೇಳುತ್ತಿರುವುದು ಬಹಳ ಸಣ್ಣ ಸಣ್ಣ ವಿಷಯಗಳನ್ನು. ಮೂತ್ರದ ಕ್ಯಾಥೆಟರನ್ನೇ, ಅಂದರೆ ಮೂತ್ರ ಹೊರಹೋಗಲು ಹಾಕುವ ನಳಿಕೆಯನ್ನೇ ತೆಗೆದುಕೊಳ್ಳಿ. ಆಪರೇಷನ್ ದಿನ ಹಾಕಿದ್ದು. ರೋಗಿ ಎದ್ದು ಓಡಾಡುತ್ತಿದ್ದಾರೆ. ಇನ್ನು ಅದರ ಅಗತ್ಯ ಇಲ್ಲ. ಇದ್ದಷ್ಟು ದಿನವೂ ಸೋಂಕಿನ ಅಪಾಯ ಏರುತ್ತಲೇ ಇರುತ್ತದೆ. ಇದು ನರ್ಸ್‌ಗೆ ಬೆಳಗ್ಗೆ ಆರಕ್ಕೇ ಗೊತ್ತು. ಆದರೆ ತೆಗೆಯಲು ಆರ್ಡರ್ ಬೇಕು. ರೌಂಡ್ಸ್ ಹೊತ್ತಲ್ಲಿ ಹತ್ತು ಜನ ಸುತ್ತ ನಿಂತಿರುತ್ತಾರೆ, ಕೇಳಲು ಸಂದು ಸಿಗುವುದಿಲ್ಲ. ಮಧ್ಯಾಹ್ನ ಡಾಕ್ಟರ್ ಥಿಯೇಟರ್‌ನಲ್ಲಿ. ಸಂಜೆಗೆ ಶಿಫ್ಟ್ ಬದಲು. ಹೀಗೆ ಒಂದು ದಿನ ಎರಡಾಗುತ್ತದೆ. ಎಷ್ಟೋ ಆಸ್ಪತ್ರೆಗಳಲ್ಲಿ ಈಗ ಇದಕ್ಕೊಂದು ನಿಯಮ ಮಾಡಿಕೊಂಡಿದ್ದಾರೆ. ಮೊದಲೇ ಒಪ್ಪಿಕೊಂಡ ಕಾರಣಗಳ ಪಟ್ಟಿ ಇರುತ್ತದೆ. ಅದರಲ್ಲಿ ಒಂದೂ ಇಲ್ಲದಿದ್ದರೆ ನರ್ಸ್ ತಾನೇ ಕ್ಯಾಥೆಟರ್ ತೆಗೆಯಬಹುದು, ಮತ್ತೆ ಆರ್ಡರ್ ಬೇಕಿಲ್ಲ. ಅಂಥ ಕಡೆಗಳಲ್ಲಿ ಕ್ಯಾಥೆಟರ್ ಇರುವ ದಿನಗಳು ಕಮ್ಮಿಯಾಗಿವೆ, ಸೋಂಕೂ ಕಮ್ಮಿಯಾಗಿದೆ. ಡಾಕ್ಟರ ಅಧಿಕಾರ ಎಲ್ಲೂ ಕಮ್ಮಿಯಾಗಿಲ್ಲ. ಅವರಿಗೆ ಬರುವ ಫೋನ್ ಒಂದು ಕಮ್ಮಿಯಾಗಿದೆ, ಅಷ್ಟೇ.

ಸರಿಯಾದದ್ದು ಏನು ಅಂತ ಗೊತ್ತಿದ್ದೂ, ಸಂಸ್ಥೆಯ ಕಟ್ಟುಪಾಡಿನಿಂದ ಅದನ್ನು ಮಾಡಲಾಗದೆ ಒದ್ದಾಡುವುದಕ್ಕೆ 1984ರಲ್ಲಿ ಆಂಡ್ರ್ಯೂ ಜೇಮ್ಟನ್ ಎಂಬ ಚಿಂತಕರು ಒಂದು ಹೆಸರಿಟ್ಟರು. ನೈತಿಕ ಸಂಕಟ. ಅವರು ಅದನ್ನು ಗುರುತಿಸಿದ್ದು ನರ್ಸ್‌ಗಳ ಕೆಲಸವನ್ನು ನೋಡಿಯೇ. ಈ ಸಂಕಟ ರಜೆ ಹಾಕಿದರೆ ಹೋಗುವುದಿಲ್ಲ. ಸುಸ್ತು ನಿದ್ದೆ ಮಾಡಿದರೆ ಇಳಿಯುತ್ತದೆ. ಇದು ನಿದ್ದೆಯಲ್ಲೂ ಬಂದು ಪಕ್ಕದಲ್ಲಿ ಕೂರುತ್ತದೆ.

ಕೂತು ಕೂತು ಕೊನೆಗೆ ಏನಾಗುತ್ತದೆ? ಕ್ರಿಸ್ಟಿನಾ ಮಾಸ್ಲಾಕ್ 1981ರಲ್ಲಿ ಸೂಸನ್ ಜಾಕ್ಸನ್ ಜೊತೆ ಸೇರಿ ಬರ್ನ್‌ಔಟ್ ಅಳೆಯುವ ಪ್ರಶ್ನಾವಳಿಯೊಂದನ್ನು ಪ್ರಕಟಿಸಿದರು. ಅದರಲ್ಲಿ ಮೂರು ಲಕ್ಷಣ ನೋಡುತ್ತಾರೆ. ಮನಸ್ಸು ಬರಿದಾಗುವುದು. ಎದುರಿಗಿರುವವರು ಮನುಷ್ಯರ ಥರ ಕಾಣದೇ ಹೋಗುವುದು. ನಾನು ಮಾಡಿದ್ದರಿಂದ ಏನೂ ಆಗುತ್ತಿಲ್ಲ ಅನ್ನಿಸುವುದು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಬರ್ನ್‌ಔಟನ್ನು ತನ್ನ ರೋಗಗಳ ವರ್ಗೀಕರಣದೊಳಗೆ ವಿವರಿಸಿತು. ಆದರೆ ಅದನ್ನು ರೋಗ ಅನ್ನಲಿಲ್ಲ, ಕೆಲಸಕ್ಕೆ ಸಂಬಂಧಿಸಿದ ಸಂಗತಿ ಅಂದಿತು. ನನಗೆ ಇದು ಮುಖ್ಯ ಅನ್ನಿಸುತ್ತದೆ. ಕೆಟ್ಟಿರುವುದು ಕೆಲಸದ ಜಾಗದಲ್ಲಿ. ನರ್ಸ್‌ನ ಮನಸ್ಸಿಗೆ ಮಾತ್ರ ಮದ್ದು ಮಾಡಿದರೆ ಆಗುವುದಿಲ್ಲ.

ಎರಡನೆಯ ಲಕ್ಷಣದ ಹತ್ತಿರ ಸ್ವಲ್ಪ ನಿಲ್ಲೋಣ. ಆಗ ನಾನು ಕಥೆ ಹೇಳುವಾಗ ಏನಂದೆ? “ಬೆಡ್ ನಂಬರ್ ಹದಿನಾಲ್ಕು.” ಆ ಹಿರಿಯರಿಗೆ ಹೆಸರಿತ್ತು. ಇಷ್ಟು ವರ್ಷದ ಮೇಲೂ ನನ್ನ ನಾಲಿಗೆಗೆ ಮೊದಲು ಬರುವುದು ನಂಬರ್. ಇದು ಹೊಸದೇನಲ್ಲ. 1950ರ ದಶಕದ ಕೊನೆಗೆ ಇಸಾಬೆಲ್ ಮೆಂಜಿಸ್ ಎಂಬ ಮನೋವಿಶ್ಲೇಷಕಿ ಲಂಡನ್ನಿನ ಒಂದು ದೊಡ್ಡ ಬೋಧನಾ ಆಸ್ಪತ್ರೆಯಲ್ಲಿ ನರ್ಸ್‌ಗಳ ಕೆಲಸ ಅಧ್ಯಯನ ಮಾಡಿದರು. ಅಲ್ಲೂ ರೋಗಿಗಳನ್ನು ಬೆಡ್ ನಂಬರಿನಿಂದ, ಕಾಯಿಲೆ ಬಂದ ಅಂಗದ ಹೆಸರಿನಿಂದ ಕರೆಯುತ್ತಿದ್ದರು. ಒಬ್ಬ ನರ್ಸ್ ಒಬ್ಬ ರೋಗಿಯನ್ನು ಪೂರ್ತಿ ನೋಡಿಕೊಳ್ಳುವಂತಿರಲಿಲ್ಲ. ಕೆಲಸ ಚೂರು ಚೂರಾಗಿ ಹಂಚಿಹೋಗಿತ್ತು. ಒಬ್ಬರು ಎಲ್ಲರ ಬಿಪಿ ನೋಡುವುದು, ಇನ್ನೊಬ್ಬರು ಎಲ್ಲರಿಗೂ ಮಾತ್ರೆ ಕೊಡುವುದು. ಸಣ್ಣ ತೀರ್ಮಾನವನ್ನೂ ಮತ್ತೆ ಮತ್ತೆ ಪರೀಕ್ಷಿಸಬೇಕು, ಮೇಲಿನವರಿಗೆ ತಳ್ಳಬೇಕು. ಸಾವು ನೋವು ದಿನಾ ನೋಡುವ ಆತಂಕದಿಂದ ನರ್ಸ್‌ಗಳನ್ನು ಕಾಪಾಡಲು ಆಸ್ಪತ್ರೆ ತನಗೆ ಗೊತ್ತಿಲ್ಲದೆಯೇ ಕಟ್ಟಿಕೊಂಡ ಗೋಡೆ ಇದು ಅಂತ ಮೆಂಜಿಸ್ ಕಂಡುಕೊಂಡರು. ಆ ಗೋಡೆ ಆತಂಕವನ್ನು ಕಮ್ಮಿ ಮಾಡಲಿಲ್ಲ. ಜೊತೆಗೆ ಕೆಲಸದಲ್ಲಿದ್ದ ಸಂತೋಷವನ್ನೂ ಕಿತ್ತುಕೊಂಡಿತು. ಒಬ್ಬರು ಗುಣವಾಗಿ ಮನೆಗೆ ಹೋದರೆ “ಇವರನ್ನು ನಾನು ನೋಡಿಕೊಂಡೆ” ಅನ್ನಲು ಯಾರೂ ಇರಲಿಲ್ಲ.

ಇನ್ನು ತಂಡದ ವಿಷಯ. ಇಲ್ಲಿ ನಾನು ಎರಡು ಪ್ರಯೋಗಗಳನ್ನು ನಿಮಗೆ ವಿವರವಾಗಿ ಹೇಳಬೇಕು. ಎಲ್ಲ ನರ್ಸಿಂಗ್ ವಿದ್ಯಾರ್ಥಿಗಳೂ ಇವೆರಡನ್ನೂ ಒಟ್ಟಿಗೆ ಓದಬೇಕು ಅನ್ನುವುದು ನನ್ನ ಆಸೆ.

ಮೊದಲನೆಯದು 1966ರದ್ದು. ಅಮೆರಿಕದ ಮನೋವೈದ್ಯ ಚಾರ್ಲ್ಸ್ ಹಾಫ್ಲಿಂಗ್ ಮತ್ತು ಅವರ ಜೊತೆಗಾರರು ಮಾಡಿದ್ದು. ವಾರ್ಡ್‌ನಲ್ಲಿ ಒಬ್ಬರೇ ಇರುವ ನರ್ಸ್‌ಗೆ ಫೋನ್ ಬರುತ್ತದೆ. ಆ ಕಡೆ ಡಾಕ್ಟರ್. ಅವರ ಪರಿಚಯ ನರ್ಸ್‌ಗೆ ಇಲ್ಲ. “ಆ ರೋಗಿಗೆ ಆಸ್ಟ್ರೋಟೆನ್ 20 ಮಿಲಿಗ್ರಾಂ ಕೊಡಿ, ನಾನು ಬಂದು ಸಹಿ ಹಾಕುತ್ತೇನೆ” ಅನ್ನುತ್ತಾರೆ. ಡಬ್ಬಿಯ ಮೇಲೆ ದಿನಕ್ಕೆ ಹೆಚ್ಚೆಂದರೆ 10 ಮಿಲಿಗ್ರಾಂ ಅಂತ ಸ್ಪಷ್ಟವಾಗಿ ಬರೆದಿದೆ. ಆ ಔಷಧಿ ವಾರ್ಡ್‌ನ ಪಟ್ಟಿಯಲ್ಲಿಲ್ಲ. ಫೋನಿನ ಮೇಲೆ ಆರ್ಡರ್ ತೆಗೆದುಕೊಳ್ಳುವಂತೆಯೂ ಇಲ್ಲ. 22 ನರ್ಸ್‌ಗಳಲ್ಲಿ 21 ಮಂದಿ ಔಷಧಿ ತೆಗೆದುಕೊಂಡು ರೋಗಿಯ ಕಡೆ ಹೊರಟರು. ಬಾಗಿಲಲ್ಲೇ ಅವರನ್ನು ತಡೆದರು. ಮಾತ್ರೆಗಳು ಬರೀ ಗ್ಲುಕೋಸ್, ಅಪಾಯ ಇರಲಿಲ್ಲ. ಇಷ್ಟರ ಜೊತೆಗೆ ಇದೇ ಪರಿಸ್ಥಿತಿಯನ್ನು ಬೇರೆ 12 ನರ್ಸ್‌ಗಳಿಗೆ ಬಾಯಲ್ಲಿ ವಿವರಿಸಿ ನೀವಾದರೆ ಏನು ಮಾಡುತ್ತಿದ್ದಿರಿ ಅಂತ ಕೇಳಿದರು. ಅವರಲ್ಲಿ 10 ಮಂದಿ ಕೊಡುತ್ತಿರಲಿಲ್ಲ ಅಂದರು.

ಈ ಪ್ರಯೋಗವನ್ನು ಹೇಳಿ ನರ್ಸ್‌ಗಳು ಕಣ್ಣುಮುಚ್ಚಿ ಹೇಳಿದ್ದು ಕೇಳುತ್ತಾರೆ ಅಂತ ಆಡಿಕೊಳ್ಳುವವರು ಬಹಳ ಜನ. ಅವರು ಎರಡನೆಯ ಪ್ರಯೋಗದ ಸುದ್ದಿಗೇ ಹೋಗುವುದಿಲ್ಲ. 1977ರಲ್ಲಿ ರ‍್ಯಾಂಕ್ ಮತ್ತು ಜೇಕಬ್ಸನ್ ಅದನ್ನೇ ಸ್ವಲ್ಪ ಬದಲಾಯಿಸಿ ಮಾಡಿದರು. ಈ ಸಲ ಔಷಧಿ ವ್ಯಾಲಿಯಂ ಎಂಬ ಆತಂಕ ತಗ್ಗಿಸುವ ಮಾತ್ರೆ, ಎಲ್ಲ ನರ್ಸ್‌ಗಳಿಗೂ ಗೊತ್ತಿರುವಂಥದ್ದು. ಹೇಳಿದ ಪ್ರಮಾಣ ಮಾತ್ರ ಮಾಮೂಲಿಗಿಂತ ಬಹಳ ಜಾಸ್ತಿ. ಫೋನ್ ಮಾಡಿದ್ದು ಅವರಿಗೆ ಗೊತ್ತಿರುವ ಡಾಕ್ಟರ ಹೆಸರಲ್ಲಿ. ಪಕ್ಕದಲ್ಲಿರುವ ಬೇರೆ ನರ್ಸ್‌ಗಳ ಜೊತೆ ಮಾತಾಡಲು ಅವಕಾಶ ಇತ್ತು. 18 ಮಂದಿಯಲ್ಲಿ ಕೊಡಲು ಸಿದ್ಧವಾದವರು ಇಬ್ಬರೇ.

22ರಲ್ಲಿ 21 ಎಲ್ಲಿ, 18ರಲ್ಲಿ 2 ಎಲ್ಲಿ! ಹನ್ನೊಂದು ವರ್ಷದಲ್ಲಿ ನರ್ಸ್‌ಗಳ ಧೈರ್ಯ ಅಷ್ಟು ಬೆಳೆದುಬಿಟ್ಟಿತಾ? ಕಾಲ ಸ್ವಲ್ಪ ಬದಲಾಗಿತ್ತು, ನಿಜ. ಆದರೆ ದೊಡ್ಡ ವ್ಯತ್ಯಾಸ ಬೇರೆ ಕಡೆ ಇತ್ತು. ಆ ಹದಿನೆಂಟು ಮಂದಿಗೆ ಔಷಧಿಯ ತಿಳಿವಳಿಕೆ ಇತ್ತು. “ಅಲ್ಲಾ, ಇದು ಜಾಸ್ತಿ ಆಯ್ತಲ್ವಾ?” ಅಂತ ಕೇಳಲು ಪಕ್ಕದಲ್ಲಿ ಒಬ್ಬರಿದ್ದರು. ಆ ಒಂದು ಪ್ರಶ್ನೆ ಕೇಳುವಷ್ಟು ಜಾಗ ಸಿಕ್ಕರೆ ಸಾಕು, ನರ್ಸ್ ಸರಿಯಾದದ್ದನ್ನೇ ಮಾಡುತ್ತಾಳೆ. ತಂಡ ಮತ್ತು ಸ್ವಾಯತ್ತತೆ ಒಂದಕ್ಕೊಂದು ಎದುರು ಅಂತ ತುಂಬ ಜನ ತಿಳಿದಿದ್ದಾರೆ. ಎಲ್ಲರೂ ತಂತಮ್ಮ ತೀರ್ಮಾನ ತೆಗೆದುಕೊಂಡರೆ ತಂಡ ಎಲ್ಲಿ ಉಳಿಯುತ್ತದೆ ಅಂತ. ನಾನು ವಾರ್ಡ್‌ನಲ್ಲಿ ಕಂಡಿದ್ದು ಇದರ ತಿರುಗುಮುರುಗು. ಹಿಂದೆ ಯಾರೋ ಇದ್ದಾರೆ ಅನ್ನುವ ಧೈರ್ಯ ಇದ್ದವರೇ ಸ್ವಂತ ತೀರ್ಮಾನ ತೆಗೆದುಕೊಳ್ಳುವುದು. ಒಂಟಿಯಾಗಿರುವವರು ಹೇಳಿದ್ದನ್ನು ಮಾಡಿ ಸುಮ್ಮನಾಗುತ್ತಾರೆ.

1967ರಲ್ಲಿ ಲಿಯೊನಾರ್ಡ್ ಸ್ಟೈನ್ ಎಂಬ ಮನೋವೈದ್ಯರು ಡಾಕ್ಟರ್ ಮತ್ತು ನರ್ಸ್ ಆಡುವ ಒಂದು ಆಟದ ಬಗ್ಗೆ ಬರೆದರು. ನರ್ಸ್‌ಗೆ ಏನು ಮಾಡಬೇಕು ಅಂತ ಗೊತ್ತು. ಆದರೆ ನೇರವಾಗಿ ಹೇಳುವಂತಿಲ್ಲ. ಹಾಗಾಗಿ ಡಾಕ್ಟರಿಗೇ ಅದು ಹೊಳೆಯಿತು ಅನ್ನುವ ಹಾಗೆ ಮಾತನ್ನು ಸುತ್ತಿಸಬೇಕು. ನಮಗೆಲ್ಲ ಇದು ಬರುತ್ತದೆ. “ಸರ್, ಅವರಿಗೆ ನಿನ್ನೆಯಿಂದ ನಿದ್ದೆ ಇಲ್ಲ… ಹೋದ ಸಲ ಅದ್ಯಾವುದೋ ಮಾತ್ರೆ ಕೊಟ್ಟಿದ್ರಿ, ಚೆನ್ನಾಗಿ ಮಲಗಿದ್ರು ಸರ್…” ಮಾತ್ರೆಯ ಹೆಸರು, ಪ್ರಮಾಣ ಎರಡೂ ನಮಗೆ ಚೆನ್ನಾಗಿ ನೆನಪಿರುತ್ತದೆ. 1990ರಲ್ಲಿ ಸ್ಟೈನ್ ಮತ್ತೆ ಬರೆದರು, ನರ್ಸ್‌ಗಳು ಈ ಆಟ ಬಿಡುತ್ತಿದ್ದಾರೆ ಅಂತ. ಬಿಟ್ಟವರು ಬಿಟ್ಟಿರಬಹುದು. ನಾನು ಬಹಳ ವರ್ಷ ಆಡಿದೆ. ಆಡುವಾಗ ತಲೆಯ ಅರ್ಧ ಶಕ್ತಿ ಡಾಕ್ಟರ ಮನಸ್ಸು ನೋಯದ ಹಾಗೆ ನೋಡಿಕೊಳ್ಳುವುದಕ್ಕೇ ಹೋಗುತ್ತದೆ. ಆ ಅರ್ಧ ರೋಗಿಗೆ ಸೇರಬೇಕಾದದ್ದು.

ಈಗ ಎಷ್ಟೋ ಆಸ್ಪತ್ರೆಗಳಲ್ಲಿ ಕಲಿಸುವ ಒಂದು ಸರಳ ಕ್ರಮ ಇದೆ. ಮೊದಲು ಈಗ ಏನಾಗಿದೆ, ಆಮೇಲೆ ರೋಗಿಯ ಹಿನ್ನೆಲೆ ಏನು, ಆಮೇಲೆ ನನಗೆ ಏನನ್ನಿಸುತ್ತದೆ, ಕೊನೆಗೆ ಏನು ಮಾಡಬೇಕು ಅಂತ ನಾನು ಕೇಳುತ್ತಿದ್ದೇನೆ. ಎಸ್‌ಬಿಎಆರ್ ಅನ್ನುತ್ತಾರೆ. ಇದರ ಮೂಲ ಅಮೆರಿಕದ ನೌಕಾಪಡೆಯ ಅಣುಚಾಲಿತ ಸಬ್‌ಮರೀನ್‌ಗಳಲ್ಲಿ. ಮೂರನೆಯ, ನಾಲ್ಕನೆಯ ಹಂತಗಳನ್ನು ಗಮನಿಸಿ. ನನಗೆ ಏನನ್ನಿಸುತ್ತದೆ, ಏನಾಗಬೇಕು. ಇವೆರಡು ವಾಕ್ಯ ಹೇಳುವುದು ನರ್ಸ್‌ನ ಕೆಲಸ ಅಂತ ಕಾಗದದ ಮೇಲೆ ಬರೆದಿಟ್ಟರೆ, ಅದನ್ನು ಹೇಳಿದವಳನ್ನು ಅಧಿಕಪ್ರಸಂಗಿ ಅನ್ನುವ ಹಾಗಿಲ್ಲ.

ಇನ್ನೊಂದು ಉದಾಹರಣೆ ನನಗೆ ಬಹಳ ಇಷ್ಟ. ಸಿಡ್ನಿಯ ಲಿವರ್‌ಪೂಲ್ ಆಸ್ಪತ್ರೆಯಲ್ಲಿ 1990ರಲ್ಲಿ ತುರ್ತು ವೈದ್ಯಕೀಯ ತಂಡ ಎಂಬ ವ್ಯವಸ್ಥೆ ಶುರುವಾಯಿತು. ಹೃದಯ ನಿಂತ ಮೇಲೆ ಓಡುವ ಬದಲು, ರೋಗಿ ಹದಗೆಡುವ ಸೂಚನೆ ಕಂಡಾಗಲೇ ಐಸಿಯು ಅನುಭವ ಇರುವ ತಂಡ ವಾರ್ಡ್‌ಗೆ ಬರುತ್ತದೆ. ಯಾವಾಗ ಕರೆಯಬೇಕು ಅನ್ನುವುದಕ್ಕೆ ನಾಡಿ, ಉಸಿರು, ಬಿಪಿಯ ಅಂಕಿಗಳಿವೆ. ಇಂಥ ತಂಡಗಳ ಪಟ್ಟಿಯಲ್ಲಿ ಅಂಕಿಯೇ ಇಲ್ಲದ ಒಂದು ಕಾರಣವೂ ಇರುತ್ತದೆ: ಸಿಬ್ಬಂದಿಗೆ ರೋಗಿಯ ಬಗ್ಗೆ ಆತಂಕ ಆಗಿದೆ. ಅಷ್ಟೇ ಸಾಕು. ಇದನ್ನು ಮೊದಲ ಸಲ ಓದಿದ ದಿನ ನನಗೆ ಅಳು ಬಂತು. ನನ್ನ ಆ ನಲವತ್ತು ನಿಮಿಷಕ್ಕೆ ಬೇಕಾಗಿದ್ದು ಈ ಒಂದು ಸಾಲು.

ಕೆಲಸದ ಭಾರದ ಬಗ್ಗೆ ಆಮೇಲೆ ಬರುತ್ತೇನೆ ಅಂದಿದ್ದೆ. ವಿಶ್ವ ಆರೋಗ್ಯ ಸಂಸ್ಥೆಯ 2020ರ ವರದಿ ಪ್ರಕಾರ ಜಗತ್ತಿನಲ್ಲಿ ಸುಮಾರು 2.79 ಕೋಟಿ ನರ್ಸ್‌ಗಳಿದ್ದರು. ಇನ್ನೂ 59 ಲಕ್ಷ ಮಂದಿ ಕೊರತೆ ಇತ್ತು. ಹತ್ತರಲ್ಲಿ ಒಂಬತ್ತು ಮಂದಿ ಹೆಂಗಸರು. 2002ರಲ್ಲಿ ಲಿಂಡಾ ಐಕೆನ್ ಮತ್ತು ಜೊತೆಗಾರರು ಪೆನ್ಸಿಲ್ವೇನಿಯಾದ 168 ಆಸ್ಪತ್ರೆಗಳ ಲೆಕ್ಕ ಪ್ರಕಟಿಸಿದರು. ಒಬ್ಬ ನರ್ಸ್ ನೋಡಿಕೊಳ್ಳುವ ರೋಗಿಗಳಲ್ಲಿ ಒಬ್ಬರು ಜಾಸ್ತಿಯಾದರೆ, ಆಪರೇಷನ್‌ಗೆ ಬಂದ ರೋಗಿ 30 ದಿನದೊಳಗೆ ಸಾಯುವ ಸಂಭವ ಶೇ 7ರಷ್ಟು ಏರುತ್ತಿತ್ತು. ನರ್ಸ್‌ಗೆ ಬರ್ನ್‌ಔಟ್ ಆಗುವ ಸಂಭವ ಶೇ 23ರಷ್ಟು. 2014ರಲ್ಲಿ ಯುರೋಪಿನ 9 ದೇಶಗಳ 300 ಆಸ್ಪತ್ರೆಗಳಲ್ಲಿ ನೋಡಿದಾಗಲೂ ಸಾವಿನ ಲೆಕ್ಕ ಅದೇ ಶೇ 7 ಬಂತು. ಕ್ಯಾಲಿಫೋರ್ನಿಯಾ ಒಬ್ಬ ನರ್ಸ್‌ಗೆ ಎಷ್ಟು ರೋಗಿಗಳು ಅಂತ 1999ರಲ್ಲಿ ಕಾನೂನು ಮಾಡಿತು, 2004ರಿಂದ ಜಾರಿಗೆ ತಂದಿತು. ಹಾಗಾಗಿ ಸಂಖ್ಯೆ ಬೇಡ, ಮನೋಬಲ ಸಾಕು ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ.

ಆದರೆ ಐಕೆನ್ ಅವರದ್ದೇ 2011ರ ಇನ್ನೊಂದು ಅಧ್ಯಯನ ಇದೆ. ಅದರ ಬಗ್ಗೆ ಮಾತಾಡುವವರು ಕಮ್ಮಿ. ನರ್ಸ್‌ಗಳ ಸಂಖ್ಯೆ ಹೆಚ್ಚಿಸಿದರೆ ಎಲ್ಲ ಕಡೆ ಒಂದೇ ಥರ ಲಾಭ ಆಗುತ್ತದಾ ಅಂತ ಅದರಲ್ಲಿ ನೋಡಿದರು. ಕೆಲಸದ ವಾತಾವರಣ ಚೆನ್ನಾಗಿರುವ ಕಡೆ, ಅಂದರೆ ಡಾಕ್ಟರ್ ನರ್ಸ್ ಸಂಬಂಧ ಚೆನ್ನಾಗಿದ್ದು, ನರ್ಸ್‌ಗಳ ಮಾತಿಗೆ ಬೆಲೆ ಇದ್ದು, ಮೇಲಿನವರ ಬೆಂಬಲ ಇರುವ ಕಡೆ, ದೊಡ್ಡ ಲಾಭ ಕಂಡಿತು. ಸಾಧಾರಣ ವಾತಾವರಣ ಇರುವ ಕಡೆ ಸ್ವಲ್ಪ. ವಾತಾವರಣ ಕೆಟ್ಟಿರುವ ಆಸ್ಪತ್ರೆಗಳಲ್ಲಿ ಲಾಭವೇ ಕಾಣಲಿಲ್ಲ. ಬಾಯಿ ಬಿಡಲು ಹೆದರುವ ಇಬ್ಬರ ಜಾಗಕ್ಕೆ ಬಾಯಿ ಬಿಡಲು ಹೆದರುವ ನಾಲ್ವರನ್ನು ತಂದರೆ ರೋಗಿಗೆ ಏನು ಸಿಕ್ಕಿತು ಹೇಳಿ?

ಆಡಳಿತದವರೂ ಇಲ್ಲಿ ಕೂತಿದ್ದೀರಿ. ನಿಮಗೊಂದು ಮಾತು. ಒತ್ತಡ ನಿವಾರಣೆ ಅಂತ ನೀವು ಯೋಗ, ಧ್ಯಾನದ ಶಿಬಿರ ಮಾಡಿಸುತ್ತೀರಿ. ಒಳ್ಳೆಯ ಮನಸ್ಸಿನಿಂದಲೇ ಮಾಡಿಸುತ್ತೀರಿ. ಆದರೆ ಶಿಬಿರ ಇಡುವುದು ಯಾವಾಗ? ಡ್ಯೂಟಿ ಮುಗಿದ ಮೇಲೆ. ಬರಲೇಬೇಕು ಅಂತ ಸುತ್ತೋಲೆ ಬೇರೆ. ಅದರ ಬದಲು ಮುಂದಿನ ತಿಂಗಳ ಡ್ಯೂಟಿ ಲಿಸ್ಟ್ ಹಾಕುವ ಮುಂಚೆ ವಾರ್ಡ್‌ನವರನ್ನು ಕೂರಿಸಿ ಕೇಳಿ. ಯಾರಿಗೆ ಯಾವ ರಾತ್ರಿ ಆಗುತ್ತದೆ, ಯಾರ ಮಗುವಿಗೆ ಪರೀಕ್ಷೆ ಇದೆ, ನೈಟ್ ಮುಗಿದ ಮಾರನೆಯ ದಿನವೇ ಮತ್ತೆ ಯಾರಿಗೆ ಡ್ಯೂಟಿ ಬಿದ್ದಿದೆ. ಅವರೇ ತಮ್ಮತಮ್ಮಲ್ಲಿ ಹೊಂದಿಸಿಕೊಳ್ಳುತ್ತಾರೆ. ನಾನು ಇನ್‌ಚಾರ್ಜ್ ಆಗಿದ್ದಾಗ ಹೀಗೆ ಮಾಡಿದ ಮೊದಲ ತಿಂಗಳು ಬರೀ ಜಗಳ. ಮೂರನೆಯ ತಿಂಗಳಿಗೆ ಲಿಸ್ಟ್ ಅರ್ಧ ಗಂಟೆಯಲ್ಲಿ ಆಗುತ್ತಿತ್ತು.

ಔಷಧಿ ಕೊಡುವ ಹೊತ್ತಲ್ಲಿ ನರ್ಸ್‌ಗಳನ್ನು ಕರೆಯುವುದನ್ನೂ ನಿಲ್ಲಿಸಿ. ಸಿಡ್ನಿಯಲ್ಲಿ ಯೊಹಾನಾ ವೆಸ್ಟ್‌ಬ್ರೂಕ್ ಮತ್ತು ಜೊತೆಗಾರರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಔಷಧಿ ಕೊಡುವಾಗ ಒಂದೊಂದು ಅಡ್ಡಿಗೂ ತಪ್ಪುಗಳು ಸುಮಾರು ಶೇ 12ರಷ್ಟು ಏರಿದ್ದು ಕಂಡಿತು. ಮೆಡಿಸಿನ್ ಟ್ರಾಲಿ ಮುಂದೆ ನಿಂತವರನ್ನು “ಸಿಸ್ಟರ್, ಒಂದು ನಿಮಿಷ” ಅನ್ನುವಾಗ ಇದು ನೆನಪಿರಲಿ.

ತಪ್ಪು ಅಂದೆ. ತಪ್ಪು ಹೇಳಿಕೊಳ್ಳುವುದರ ಬಗ್ಗೆ ಏಮಿ ಎಡ್ಮಂಡ್ಸನ್ 1990ರ ದಶಕದಲ್ಲಿ ಕಂಡುಕೊಂಡದ್ದು ಅವರಿಗೇ ಆಶ್ಚರ್ಯ ತಂದಿತ್ತು. ಒಳ್ಳೆಯ ತಂಡಗಳಲ್ಲಿ ಔಷಧಿಯ ತಪ್ಪುಗಳು ಕಮ್ಮಿ ಇರಬೇಕು ಅಂತ ಅವರು ಹುಡುಕಲು ಹೊರಟರು. ಲೆಕ್ಕದಲ್ಲಿ ಒಳ್ಳೆಯ ತಂಡಗಳದ್ದೇ ಜಾಸ್ತಿ ಬಂತು. ಆಮೇಲೆ ತಿಳಿಯಿತು, ಆ ತಂಡಗಳಲ್ಲಿ ತಪ್ಪನ್ನು ಹೇಳಿಕೊಳ್ಳಲು ಹೆದರಿಕೆ ಇರಲಿಲ್ಲ. ಉಳಿದ ಕಡೆ ತಪ್ಪುಗಳು ಮುಚ್ಚಿಹೋಗುತ್ತಿದ್ದವು. ನಿಮ್ಮ ಆಸ್ಪತ್ರೆಯಲ್ಲಿ ಈ ವರ್ಷ ಒಂದೂ ತಪ್ಪು ದಾಖಲಾಗಿಲ್ಲ ಅಂದರೆ ದಯವಿಟ್ಟು ಚಪ್ಪಾಳೆ ತಟ್ಟಬೇಡಿ. ಯಾರು ಯಾಕೆ ಬಾಯಿ ಮುಚ್ಚಿಕೊಂಡಿದ್ದಾರೆ ಅಂತ ಹೋಗಿ ನೋಡಿ.

ಇಷ್ಟು ಹೊತ್ತು ಡಾಕ್ಟರುಗಳ ಬಗ್ಗೆ, ಆಡಳಿತದ ಬಗ್ಗೆ ಹೇಳಿದೆ. ನಮ್ಮವರ ಬಗ್ಗೆಯೂ ಹೇಳಬೇಕು. ಹೊಸದಾಗಿ ಬಂದ ಹುಡುಗಿಯನ್ನು ರೋಗಿಗಳ ಎದುರು ಬೈಯುವುದು ಯಾರು? ಶಿಫ್ಟ್ ಬದಲಾಗುವಾಗ ಮುಂದಿನವರಿಗೆ ರೋಗಿಗಳನ್ನು ಒಪ್ಪಿಸುವ ಹ್ಯಾಂಡೋವರ್ ಹೊತ್ತಲ್ಲಿ, ಡ್ರಿಪ್‌ಗೆ ರಕ್ತನಾಳಕ್ಕೆ ಹಾಕಿದ ಒಂದು ಕ್ಯಾನುಲಾಗೆ ತಾರೀಖು ಬರೆದಿಲ್ಲ ಅಂತ ಹತ್ತು ನಿಮಿಷ ನಿಲ್ಲಿಸಿ ನೀರಿಳಿಸುವುದು ಯಾರು? ನಾವೇ. ನಮಗೂ ಹೀಗೇ ಆಗಿತ್ತು, ಹಾಗಾಗಿಯೇ ಗಟ್ಟಿಯಾದೆವು ಅಂತ ಹೇಳಿಕೊಳ್ಳುತ್ತೇವೆ. ನಾವು ಗಟ್ಟಿಯಾಗಲಿಲ್ಲ. ಫೋನ್ ಎತ್ತಿ ಮತ್ತೆ ಇಡುವುದನ್ನು ಕಲಿತೆವು.

ನಾನೂ ಅದನ್ನೇ ಮಾಡುತ್ತಿದ್ದೆ. ಇನ್‌ಚಾರ್ಜ್ ಆದ ಮೇಲಿನ ಒಂದು ರಾತ್ರಿ. ನಾಲ್ಕು ಗಂಟೆ ಇರಬೇಕು. ಸ್ಟಾಕ್ ಪುಸ್ತಕ ಬರೆಯುತ್ತಾ ಕೂತಿದ್ದೆ. ಕೆಲಸಕ್ಕೆ ಸೇರಿ ಎರಡು ತಿಂಗಳಾಗಿದ್ದ ಹುಡುಗಿ ಬಂದು ಮೇಜಿನ ಹತ್ತಿರ ನಿಂತಳು. “ಅಕ್ಕ, ಆ ಅಜ್ಜಿ ಯಾಕೋ ಸರಿ ಕಾಣ್ತಿಲ್ಲ” ಅಂದಳು. ನಾನು ತಲೆ ಎತ್ತದೇ “ಬಿಪಿ ಎಷ್ಟು? ಸ್ಯಾಚುರೇಶನ್ ಎಷ್ಟು?” ಅಂದೆ. ಎರಡೂ ಸರಿಯಾಗಿತ್ತು. “ಮತ್ತೇನು ನಿಂದು?” ಅನ್ನುವ ಮಾತು ಬಾಯಿಗೆ ಬಂತು. ಅರ್ಧ ಹೊರಗೂ ಬಂತು. ಆ ದನಿ ನನಗೆ ಗೊತ್ತಿರುವ ದನಿ. ಪೆನ್ನು ಕೆಳಗಿಟ್ಟು ಎದ್ದೆ.

ಇಬ್ಬರೂ ಹೋದೆವು. ಅವಳು ಒಂದು ಪಕ್ಕ, ನಾನು ಒಂದು ಪಕ್ಕ. ಇಬ್ಬರೂ ಉಸಿರು ಎಣಿಸಿದೆವು. ಅವಳದ್ದು 22, ನನ್ನದೂ 22. ಅಜ್ಜಿ ಸ್ವಲ್ಪ ಬೆವರಿದ್ದರು. “ಏನು ಮಾಡೋಣ ಅಂತೀಯ?” ಅಂದೆ. “ಡಾಕ್ಟರನ್ನ ಕರೀಬೇಕು ಅನ್ಸತ್ತೆ ಅಕ್ಕ” ಅಂದಳು. “ನೀನೇ ಕರಿ, ನಾನು ಇಲ್ಲೇ ನಿಂತಿರ್ತೀನಿ” ಅಂದೆ. ಕರೆದಳು. ದನಿ ನಡುಗುತ್ತಿತ್ತು, ಆದರೆ ಹೇಳಬೇಕಾದ್ದನ್ನೆಲ್ಲ ಹೇಳಿದಳು. ಕೊನೆಗೆ “ನೀವು ಬಂದು ನೋಡಬೇಕು ಡಾಕ್ಟರ್” ಅಂತಲೂ ಹೇಳಿದಳು. ಡಾಕ್ಟರ್ ಬಂದರು. ಚಿಕ್ಕ ವಯಸ್ಸಿನವರು, ಅವರಿಗೂ ಕಣ್ಣು ಕೆಂಪಾಗಿತ್ತು. ಪೂರ್ತಿ ಪರೀಕ್ಷೆ ಮಾಡಿದರು. ಏನೂ ಇರಲಿಲ್ಲ. ಅಜ್ಜಿಗೆ ಕೆಟ್ಟ ಕನಸು ಬಿದ್ದು ಎಚ್ಚರ ಆಗಿತ್ತು, ಭಯ ಆಗಿತ್ತು, ಅಷ್ಟೇ. ಡಾಕ್ಟರ್ ಸ್ಟೆತೊಸ್ಕೋಪ್ ಕೊರಳಿಗೆ ಹಾಕಿಕೊಂಡು “ಕರೆದಿದ್ದು ಒಳ್ಳೇದಾಯ್ತು ಸಿಸ್ಟರ್” ಅಂತ ಅವಳಿಗೆ ಹೇಳಿ ಹೋದರು. ಅವಳು ಅಜ್ಜಿಯ ಕೈ ಹಿಡಿದುಕೊಂಡು ಸ್ವಲ್ಪ ಹೊತ್ತು ಅಲ್ಲೇ ಕೂತಿದ್ದಳು.

ಬೆಳಗ್ಗೆ ಹ್ಯಾಂಡೋವರ್‌ಗೆ ಮುಂಚೆ ನಾನು ಅವಳ ಚಾರ್ಟ್‌ಗಳನ್ನು ತಿರುವಿದೆ. ಉಸಿರಿನ ಕಾಲಂನಲ್ಲಿ ಒಂದರ ಕೆಳಗೊಂದು ಬರೆದಿದ್ದಳು: 17, 22, 19, 16, 24, 18.